ಅಜ್ಜಿಯ ಬಾಕಿ, ಮೊಮ್ಮಗಳ ಸರದಿ

ಹೆದರಿಸುವ ಸಿನಿಮಾಕ್ಕೆ ಸಲುಗೆಯಷ್ಟು ದೊಡ್ಡ ಶತ್ರು ಇಲ್ಲ. ಮೊದಲ ಚಿತ್ರದಲ್ಲಿ ಎದೆ ಝಲ್ಲೆನಿಸಿದ ಮುಖವಾಡ ನಾಲ್ಕನೆಯದರಲ್ಲಿ ಹಳೆಯ ನೆಂಟನಂತೆ ಕಾಣುತ್ತದೆ, ಏಳನೆಯದರ ಹೊತ್ತಿಗೆ ಮಕ್ಕಳ ಟೀ-ಶರ್ಟಿನ ಮೇಲೆ ಬಂದು ಕೂರುತ್ತದೆ. 1980ರಲ್ಲಿ ಕೆರೆಯಂಚಿನ ಶಿಬಿರವೊಂದರಲ್ಲಿ ಶುರುವಾದ ‘ಫ್ರೈಡೇ ದ ಥರ್ಟೀನ್ತ್’ ಸರಣಿ ಹತ್ತನೆಯ ಚಿತ್ರ ‘ಜೇಸನ್ ಎಕ್ಸ್’ಗೆ ಬರುವಾಗ ತನ್ನ ಕೊಲೆಗಾರನನ್ನು ಬಾಹ್ಯಾಕಾಶ ನೌಕೆಗೆ ಹತ್ತಿಸಿತ್ತು, ಭೂಮಿಯ ಮೇಲೆ ಅವನಿಗೆ ಹೆದರುವವರು ಉಳಿದಿರಲಿಲ್ಲ. ಇಂಥ ಸರಣಿಗಳು ವರ್ಷಗಟ್ಟಲೆ ಮಲಗಿ ಮತ್ತೆ ಎದ್ದು ಬಂದಾಗ ನೋಡುಗರ ಅನುಮಾನ ನೇರ ಗಲ್ಲಾಪೆಟ್ಟಿಗೆಯ ಕಡೆಗೆ ಹೋಗುತ್ತದೆ. ಆ ಅನುಮಾನ ಬಹಳ ಸಲ ನಿಜವೂ ಹೌದು. ಹಾಗಿರುವಾಗ 2025ರ ಮೇ ತಿಂಗಳಲ್ಲಿ ಬಂದ ‘ಫೈನಲ್ ಡೆಸ್ಟಿನೇಷನ್: ಬ್ಲಡ್‌ಲೈನ್ಸ್’ ಒಂದು ಒಗಟು. ಸರಣಿಯ ಐದನೆಯ ಚಿತ್ರ ಬಂದು 14 ವರ್ಷಗಳಾಗಿದ್ದವು. ಆರನೆಯದು ಸುಮಾರು 5 ಕೋಟಿ ಡಾಲರ್ ಖರ್ಚಿನಲ್ಲಿ ತಯಾರಾಗಿ ಜಗತ್ತಿನಾದ್ಯಂತ 30 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಹಿಂದಿನ ಐದರಲ್ಲಿ ಯಾವುದೂ ಅಷ್ಟು ದುಡಿದಿರಲಿಲ್ಲ. ಹಳೆಯ ನೆನಪಿನ ಹಂಬಲವೇ ಇದಕ್ಕೆ ಕಾರಣ ಎಂಬ ಸಿದ್ಧ ಉತ್ತರವಿದೆ. ಆ ಉತ್ತರ ಸಾಲದು. ತಡವಾಗಿ ಬಂದ ಮುಂದುವರಿಕೆ ಗೆಲ್ಲುವುದು ನಡುವೆ ಕಳೆದುಹೋದ ವರ್ಷಗಳನ್ನೇ ಕಥೆಯ ಹೂರಣ ಮಾಡಿಕೊಂಡಾಗ. ಹಳೆಯ ಮುಖವನ್ನು ಮತ್ತೆ ಕರೆತಂದು ನಿಲ್ಲಿಸಿದ ಮಾತ್ರಕ್ಕೆ ಆ ಕೆಲಸ ಆಗುವುದಿಲ್ಲ. ‘ಬ್ಲಡ್‌ಲೈನ್ಸ್’ ಇದಕ್ಕೆ ನಿಚ್ಚಳ ಸಾಕ್ಷಿ, ಏಕೆಂದರೆ ಈ ಸರಣಿಯ ಕೊಲೆಗಾರನಿಗೆ ಮುಖವೇ ಇಲ್ಲ.

ಮೊದಲ ಚಿತ್ರ 2000ದ ಮಾರ್ಚ್‌ನಲ್ಲಿ ಬಂತು. ಜೆಫ್ರಿ ರೆಡಿಕ್ ಈ ಕಥೆಯನ್ನು ಹೊಳೆಯಿಸಿಕೊಂಡದ್ದು ‘ದಿ ಎಕ್ಸ್-ಫೈಲ್ಸ್’ ಟಿ.ವಿ. ಧಾರಾವಾಹಿಯ ಒಂದು ಕಂತಿಗೆಂದು. ಕೊನೆಗೆ ಅದನ್ನು ಸಿನಿಮಾ ಮಾಡಿದವರೂ ಅದೇ ಧಾರಾವಾಹಿಗೆ ಬರೆಯುತ್ತಿದ್ದ ಜೇಮ್ಸ್ ವಾಂಗ್ ಮತ್ತು ಗ್ಲೆನ್ ಮಾರ್ಗನ್. ಪ್ಯಾರಿಸ್ಸಿಗೆ ಹೊರಟ ವಿಮಾನದಲ್ಲಿ ಕುಳಿತ ಹುಡುಗನೊಬ್ಬನಿಗೆ ಅದು ಸಿಡಿದು ಚೂರಾಗುವ ದೃಶ್ಯ ಮುಂಚಿತವಾಗಿ ಕಾಣುತ್ತದೆ. ಗಲಾಟೆಯಾಗಿ ಕೆಲವರು ಕೆಳಗಿಳಿಯುತ್ತಾರೆ, ವಿಮಾನ ಸಿಡಿಯುತ್ತದೆ. ಆಮೇಲೆ, ಸಾಯಬೇಕಿದ್ದ ಅದೇ ಸರದಿಯಲ್ಲಿ, ಉಳಿದವರು ಒಬ್ಬೊಬ್ಬರಾಗಿ ಸಾಯುತ್ತಾರೆ. ಕೊಲ್ಲಲು ಯಾರೂ ಬರುವುದಿಲ್ಲ. ಟಾಡ್ ಎಂಬ ಹುಡುಗನ ಸಾವನ್ನೇ ನೋಡಿ: ಕಮೋಡಿನ ಬುಡದಿಂದ ಸಣ್ಣಗೆ ನೀರು ಸೋರುತ್ತದೆ, ಹಾವಿನಂತೆ ನೆಲದ ಮೇಲೆ ಹರಿದು ಬರುತ್ತದೆ, ಹುಡುಗ ಜಾರುತ್ತಾನೆ, ಬಟ್ಟೆ ಒಣಹಾಕುವ ತಂತಿ ಕೊರಳಿಗೆ ಸುತ್ತಿಕೊಳ್ಳುತ್ತದೆ. ಉಸಿರು ನಿಂತ ಮೇಲೆ ಆ ನೀರು ಬಂದ ದಾರಿಯಲ್ಲೇ ಹಿಂದಕ್ಕೆ ಸರಿದುಹೋಗುತ್ತದೆ. ಪೊಲೀಸರಿಗೆ ಅದು ಆತ್ಮಹತ್ಯೆ. ಈ ಚಿತ್ರದ ಪಾತ್ರಗಳಿಗೆ ಹಳೆಯ ಹಾರರ್ ಸಿನಿಮಾ ಮಂದಿಯ ಹೆಸರಿಟ್ಟಿದ್ದಾರೆ. ಶಿಕ್ಷಕಿ ವ್ಯಾಲರಿ ಲ್ಯೂಟನ್ 1942ರ ‘ಕ್ಯಾಟ್ ಪೀಪಲ್’ ನಿರ್ಮಿಸಿದ ವ್ಯಾಲ್ ಲ್ಯೂಟನ್ ಅವರ ಗುರುತು. ಆ ಹಳೆಯ ಚಿತ್ರದಲ್ಲಿ ಕತ್ತಲ ರಸ್ತೆಯಲ್ಲಿ ನಡೆಯುವ ಹೆಂಗಸಿನ ಪಕ್ಕಕ್ಕೆ ಚಿರತೆ ಗುರುಗುಟ್ಟಿದ ಹಾಗೆ ಸದ್ದು ಮಾಡುತ್ತ ಬಂದು ನಿಲ್ಲುವುದು ಬರೀ ಒಂದು ಬಸ್ಸು. ನೋಡುಗರು ಬೆಚ್ಚಿ, ಮರುಕ್ಷಣ ನಿಟ್ಟುಸಿರು ಬಿಡುತ್ತಾರೆ. 2000ದ ಚಿತ್ರದಲ್ಲೂ ಬಸ್ಸು ಬರುತ್ತದೆ. ಈ ಬಸ್ಸು ನಿಲ್ಲುವುದಿಲ್ಲ. ಮಾತಾಡುತ್ತ ರಸ್ತೆಗಿಳಿದ ಹುಡುಗಿ ಅರೆಕ್ಷಣದಲ್ಲಿ ಇಲ್ಲವಾಗುತ್ತಾಳೆ. ಕಾಣದ್ದರಿಂದ ಹೆದರಿಸುವ ಲ್ಯೂಟನ್ ಪರಂಪರೆಯ ಮೊಮ್ಮಕ್ಕಳು ತಾವೆಂದು ಹೇಳಿಕೊಳ್ಳುವ ರೀತಿ ಇದು ಎಂದೇ ನನಗೆ ತೋರುತ್ತದೆ.

ಮುಂದಿನ ನಾಲ್ಕು ಚಿತ್ರಗಳು ಇದೇ ಅಚ್ಚಿನಲ್ಲಿ ಬಂದವು. 2003ರಲ್ಲಿ ಹೆದ್ದಾರಿಯ ಮೇಲೆ ಮರದ ದಿಮ್ಮಿ ಹೊತ್ತ ಲಾರಿ, 2006ರಲ್ಲಿ ರೋಲರ್ ಕೋಸ್ಟರ್, 2009ರಲ್ಲಿ ತ್ರೀಡಿ ಕನ್ನಡಕ ಹಾಕಿಸಿ ಕಾರ್ ರೇಸಿನ ಮೈದಾನ, 2011ರಲ್ಲಿ ಕುಸಿಯುವ ಸೇತುವೆ. ದಿಮ್ಮಿ ಲಾರಿಯ ದೃಶ್ಯ ಸಿನಿಮಾ ನೋಡಿದ ಒಂದು ತಲೆಮಾರಿನ ವಾಹನ ಚಾಲನೆಯನ್ನೇ ಬದಲಿಸಿತು ಎಂಬ ಮಾತಿದೆ, ಅದರಲ್ಲಿ ಅತಿಶಯೋಕ್ತಿ ಕಡಿಮೆ. ಉಳಿದಂತೆ, ನಾಲ್ಕನೆಯದು ಬರುವಷ್ಟರಲ್ಲಿ ನೋಡುಗರಿಗೆ ಸಾವಿನ ಲೆಕ್ಕಾಚಾರ ಪಾತ್ರಗಳಿಗಿಂತ ಚೆನ್ನಾಗಿ ತಿಳಿದಿತ್ತು. ಐದನೆಯದು ಒಂದು ಜಾಣತನ ಮಾಡಿತು: ಅದುವರೆಗೆ ಇಂದಿನದೆಂದು ನಂಬಿಸಿದ ಕಥೆ ಕಡೆಗೆ 2000ದಲ್ಲಿ ನಡೆಯುತ್ತಿದೆ ಎಂದು ಗೊತ್ತಾಗುತ್ತದೆ, ಬದುಕಿ ಉಳಿದ ಜೋಡಿ ಮೊದಲ ಚಿತ್ರದ ಅದೇ ವಿಮಾನ ಹತ್ತುತ್ತದೆ. ಹಾವು ತನ್ನ ಬಾಲ ಕಚ್ಚಿತು, ಉಂಗುರ ಮುಚ್ಚಿತು. ಇಷ್ಟು ಅಚ್ಚುಕಟ್ಟಾಗಿ ಮುಗಿದದ್ದನ್ನು ಮತ್ತೆ ತೆರೆಯಬೇಕಾದರೆ ಏನೋ ಹೊಸದು ಬೇಕು, ಮತ್ತು ಆ ಹೊಸದು ಇನ್ನೊಂದು ಅಪಘಾತವಾದರೆ ಸಾಲದು.

ಝಾಕ್ ಲಿಪೊವ್‌ಸ್ಕಿ ಮತ್ತು ಆಡಂ ಸ್ಟೈನ್ ನಿರ್ದೇಶಿಸಿದ ಆರನೆಯ ಚಿತ್ರವೂ ಅಪಘಾತದಿಂದಲೇ ಶುರುವಾಗುತ್ತದೆ ಎನ್ನುವುದನ್ನು ಒಪ್ಪಬೇಕು. (ಕಥೆಯ ಗುಟ್ಟು ಬಿಚ್ಚದೆ ಈ ವಾದ ಮುಂದೆ ಹೋಗದು, ಚಿತ್ರ ನೋಡದವರು ಮನ್ನಿಸಬೇಕು.) ಕಾಲ 1960ರ ದಶಕದ ಕೊನೆ. ಎತ್ತರದ ಗೋಪುರದ ತುದಿಯಲ್ಲಿ ಹೊಸ ರೆಸ್ಟೋರೆಂಟ್ ಉದ್ಘಾಟನೆ, ಗಾಜಿನ ನೆಲದ ಮೇಲೆ ಕುಣಿತ. ತುಂಟ ಹುಡುಗನೊಬ್ಬ ಮೇಲಿನಿಂದ ಎಸೆದ ಒಂದು ಬಿಲ್ಲೆ ಕೆಳಗೆ ಬೀಳದೆ ಗಾಳಿಯ ಕೊಳವೆಯ ಸೆಳೆತಕ್ಕೆ ಸಿಕ್ಕಿ ಒಳಗೆ ಹೋಗುತ್ತದೆ. ದೀಪಗುಚ್ಛದಿಂದ ಕಳಚಿದ ಹರಳು ಗಾಜಿನ ಮೇಲೆ ಬಿದ್ದು ಕೂದಲೆಳೆಯ ಬಿರುಕು ಮೂಡಿಸುತ್ತದೆ, ಕುಣಿಯುವವರ ಹಿಮ್ಮಡಿ ಬಿದ್ದಂತೆಲ್ಲ ಬಿರುಕು ಕೈಚಾಚುತ್ತದೆ. ಇಪ್ಪತ್ತೈದು ವರ್ಷಗಳಿಂದ ಈ ಸರಣಿ ಕಲಿಸಿದ ಪಾಠದ ಫಲವಾಗಿ ನಾವು ಬಿಲ್ಲೆಯನ್ನು ಕಂಡೊಡನೆ ಎದ್ದು ಕೂರುತ್ತೇವೆ. ಗೋಪುರ ಉರುಳುವವರೆಗಿನ ಪ್ರತಿ ಹೆಜ್ಜೆಯನ್ನೂ ನಾವೇ ಮುಂದಾಗಿ ಊಹಿಸುತ್ತೇವೆ. ಆದರೆ ಅಸಲಿ ತಿರುವು ಆಮೇಲೆ ಬರುತ್ತದೆ. ಐರಿಸ್ ಎಂಬ ತರುಣಿ ಈ ಅನಾಹುತವನ್ನು ಮೊದಲೇ ಕಂಡು ಎಲ್ಲರನ್ನೂ ಉಳಿಸಿದ್ದಾಳೆ. ಉಳಿದವರು ಮದುವೆಯಾದರು, ಮಕ್ಕಳನ್ನು ಹೆತ್ತರು, ಮೊಮ್ಮಕ್ಕಳನ್ನು ಕಂಡರು. ಸಾವಿನ ಕಡತದಲ್ಲಿ ಈ ಮಕ್ಕಳು, ಮೊಮ್ಮಕ್ಕಳು ಹುಟ್ಟಲೇ ಬಾರದಿದ್ದವರು. ಅಷ್ಟು ಮಂದಿಯನ್ನು ಸರದಿಯಲ್ಲಿ ಮುಗಿಸಲು ದಶಕಗಳೇ ಹಿಡಿದಿವೆ, ಈಗ ಐರಿಸ್‌ಳ ಮನೆಯ ಪಾಳಿ. ಕೆಟ್ಟ ಕನಸಿನಿಂದ ನಿದ್ದೆಗೆಟ್ಟ ಕಾಲೇಜು ಹುಡುಗಿ ಸ್ಟೆಫನಿ, ಮನೆಯವರು ಹೆಸರೆತ್ತಲೂ ಒಲ್ಲದ ಅಜ್ಜಿಯನ್ನು ಹುಡುಕಿಕೊಂಡು ಹೋಗುತ್ತಾಳೆ.

ಹಿಂದಿನ ಐದೂ ಚಿತ್ರಗಳು ಕೆಲವು ದಿನ, ಹೆಚ್ಚೆಂದರೆ ಕೆಲವು ತಿಂಗಳುಗಳಲ್ಲಿ ಮುಗಿಯುವ ಕಥೆಗಳು. ಸಾವು ಅಲ್ಲಿ ಅವಸರದಲ್ಲಿತ್ತು. ಇಲ್ಲಿ ಮೊದಲ ಬಾರಿಗೆ ಅದು ಕಾದಿದೆ, ಮತ್ತು ಕಾಯುವಿಕೆಯೇ ಹೊಸ ಭಯ. ಅಜ್ಜಿ ಐರಿಸ್ ಊರಾಚೆ ಬೇಲಿ, ಗೂಟ, ಕಾವಲುಗಳ ನಡುವಿನ ಮನೆಯಲ್ಲಿ ಒಂಟಿಯಾಗಿ ಬದುಕಿದ್ದಾಳೆ. ಯಾವ ವಸ್ತು ಹೇಗೆ ಕೊಲ್ಲಬಹುದು ಎಂಬುದನ್ನು ಚಿತ್ರ ಬಿಡಿಸಿ ದಪ್ಪ ಪುಸ್ತಕವೊಂದರಲ್ಲಿ ದಾಖಲಿಸಿಕೊಂಡಿದ್ದಾಳೆ. ಪರೀಕ್ಷಿತ ರಾಜನ ಕಥೆ ಕೇಳಿ ಬೆಳೆದವರಿಗೆ ಈ ಮನೆ ಹೊಸದಲ್ಲ. ತಕ್ಷಕನಿಗೆ ಹೆದರಿ ಒಂಟಿ ಕಂಬದ ಮಹಲು ಕಟ್ಟಿಸಿ, ವೈದ್ಯರನ್ನೂ ಮಂತ್ರ ಬಲ್ಲವರನ್ನೂ ಸುತ್ತ ನಿಲ್ಲಿಸಿಕೊಂಡು ಕೂತವನಿಗೆ ಸಾವು ಹಣ್ಣಿನೊಳಗಿನ ಹುಳುವಾಗಿ ಬಂತು. ಐರಿಸ್ ಪರೀಕ್ಷಿತನಿಗಿಂತ ಒಂದು ಕೈ ಮೇಲು: ಅವಳು ದಿನಗಳನ್ನಲ್ಲ, ದಶಕಗಳನ್ನು ತಳ್ಳಿದ್ದಾಳೆ. ಆದರೆ ಅದಕ್ಕೆ ತೆತ್ತ ಬೆಲೆ ದೊಡ್ಡದು. ಅವಳ ಅಂಜಿಕೆಯ ನೆರಳಲ್ಲಿ ಬೆಳೆದ ಮಗಳು ಡಾರ್ಲೀನ್ ತನ್ನ ಇಬ್ಬರು ಮಕ್ಕಳನ್ನು ಬಿಟ್ಟು ಹೊರಟುಹೋಗಿದ್ದಾಳೆ, ಮಗ ಹೊವರ್ಡ್ ತಾಯಿಯನ್ನು ಮರೆತಂತೆ ಬದುಕುತ್ತಿದ್ದಾನೆ. ಮನೆತನದಲ್ಲಿ ಹರಿದು ಬಂದದ್ದು ಶಾಪವಷ್ಟೇ ಅಲ್ಲ, ಶಾಪದಿಂದ ತಪ್ಪಿಸಿಕೊಳ್ಳುವ ಹಟವೂ ಹೌದು. ಮೊಮ್ಮಗಳು ತನ್ನನ್ನು ನಂಬುವುದಿಲ್ಲವೆಂದು ಕಂಡಾಗ ಅಜ್ಜಿ ಬಾಗಿಲು ತೆರೆದು ಅಂಗಳಕ್ಕೆ ಬರುತ್ತಾಳೆ. ಮರುಕ್ಷಣ ಗಾಳಿಯ ದಿಕ್ಕು ತೋರುವ ಕಬ್ಬಿಣದ ಬಾಣ ಹಾರಿ ಬಂದು ಅವಳ ತಲೆಯನ್ನು ಸೀಳುತ್ತದೆ. ಒಂದು ಆಯುಷ್ಯವನ್ನೇ ಸಾಕ್ಷಿಯಾಗಿ ಕೊಟ್ಟ ಹೆಂಗಸಿನ ಈ ದೃಶ್ಯ 2011ರಲ್ಲಿ ಬರೆಯಲು ಸಾಧ್ಯವಿರಲಿಲ್ಲ. ಅಷ್ಟು ಹೊತ್ತಿಗೆ ಸರಣಿಗೇ ಅಜ್ಜಿಯಾಗುವಷ್ಟು ವಯಸ್ಸಾಗಿರಲಿಲ್ಲ.

ಇದು ಒಂದೇ ಚಿತ್ರದ ಆಕಸ್ಮಿಕವಲ್ಲ ಎನ್ನಲು 2018ರ ‘ಹ್ಯಾಲೋವೀನ್’ ನೋಡಬೇಕು. ಜಾನ್ ಕಾರ್ಪೆಂಟರ್ 1978ರಲ್ಲಿ ಮಾಡಿದ ಮೂಲ ಚಿತ್ರದ ನಂತರದ ಎಲ್ಲ ಕಥೆಗಳನ್ನೂ ಇಲ್ಲವೆಂದು ಬಗೆದು, ನಿರ್ದೇಶಕ ಡೇವಿಡ್ ಗಾರ್ಡನ್ ಗ್ರೀನ್ 40 ವರ್ಷಗಳ ಆಚೆಗೆ ನೇರ ಜಿಗಿದರು. ಜೇಮೀ ಲೀ ಕರ್ಟಿಸ್ ಅವರ ಲಾರಿ ಸ್ಟ್ರೋಡ್ ಅಲ್ಲಿ ಬಂದೂಕು, ನೆಲಮಾಳಿಗೆ, ಕಬ್ಬಿಣದ ಜಾಲರಿಗಳ ಮನೆಯಲ್ಲಿ ಕೊಲೆಗಾರನಿಗಾಗಿ ಕಾಯುವ ಅಜ್ಜಿ. ಮಗಳನ್ನು ಹನ್ನೆರಡರ ವಯಸ್ಸಿನಲ್ಲೇ ಸರ್ಕಾರ ಅವಳ ಕೈಯಿಂದ ಕಿತ್ತುಕೊಂಡಿದೆ, ಮೊಮ್ಮಗಳಿಗೆ ಅಜ್ಜಿಯೆಂದರೆ ಕುತೂಹಲ, ಮುಜುಗರ ಎರಡೂ. ಐರಿಸ್‌ಳ ಮನೆಗೂ ಲಾರಿಯ ಮನೆಗೂ ಒಂದೇ ನಕ್ಷೆ. ಅದಕ್ಕೂ ಹಿಂದೆ, 1983ರ ‘ಸೈಕೋ 2’ ಇದೇ ದಾರಿಯ ಮುಂಚೂಣಿಯಲ್ಲಿತ್ತು: ಮೂಲ ಚಿತ್ರ ಬಂದು 20 ವರ್ಷ ಮೀರಿತ್ತು, ಆಂಥನಿ ಪರ್ಕಿನ್ಸ್ ಅವರ ನಾರ್ಮನ್ ಬೇಟ್ಸ್ ಅಷ್ಟೇ ವರ್ಷ ಮಾನಸಿಕ ಆಸ್ಪತ್ರೆಯಲ್ಲಿ ಕಳೆದು ಹೊರಬರುತ್ತಾನೆ, ಮೂಲ ಚಿತ್ರದಲ್ಲಿ ಅವನ ಕೈಯಲ್ಲಿ ಸತ್ತವಳ ತಂಗಿ ತನ್ನ ಮಗಳನ್ನು ಕೂಡಿಕೊಂಡು ಅವನನ್ನು ಮತ್ತೆ ಹುಚ್ಚನಾಗಿಸಲು ನಿಂತಿರುತ್ತಾಳೆ. ಮೂರೂ ಕಡೆ ಕಾಲವನ್ನು ಮುಚ್ಚಿಟ್ಟಿಲ್ಲ, ಬಳಸಿಕೊಂಡಿದ್ದಾರೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ, ಅದೂ ‘ಹ್ಯಾಲೋವೀನ್’ನಿಂದಲೇ ಬರುತ್ತದೆ. 1981ರ ‘ಹ್ಯಾಲೋವೀನ್ 2’ ಲಾರಿಯನ್ನು ಕೊಲೆಗಾರ ಮೈಕಲ್ ಮಯರ್ಸ್‌ನ ತಂಗಿ ಎಂದು ಬಹಿರಂಗಪಡಿಸಿತು. ಆ ಕ್ಷಣಕ್ಕೆ ಭಯ ಅರ್ಧ ಇಳಿಯಿತು. ಕಾರಣವಿಲ್ಲದೆ ಯಾರ ಮನೆಗಾದರೂ ನುಗ್ಗಬಹುದಾಗಿದ್ದವನು ಈಗ ಒಂದು ಕುಟುಂಬದ ತಾಪತ್ರಯವಾದ. ಬೇರೆಯವರು ಬಾಗಿಲು ಹಾಕಿಕೊಳ್ಳದೆ ಮಲಗಬಹುದು. ಕಾರ್ಪೆಂಟರ್ ಅವರೇ ಆಮೇಲೆ ಆ ಆಯ್ಕೆಯ ಬಗ್ಗೆ ಬೇಸರಪಟ್ಟದ್ದುಂಟು. 2018ರ ಚಿತ್ರ ಮಾಡಿದ ಮೊದಲ ಕೆಲಸಗಳಲ್ಲೊಂದು ಆ ನಂಟನ್ನು ಊರವರು ಕಟ್ಟಿದ ಗಾಳಿಮಾತೆಂದು ಹುಡುಗರ ಬಾಯಲ್ಲಿ ತಳ್ಳಿಹಾಕಿದ್ದು. ಒಂದು ಸರಣಿ ರಕ್ತಸಂಬಂಧವನ್ನು ಕಿತ್ತೆಸೆದು ಚೇತರಿಸಿಕೊಂಡಿತು ಎಂದಾದರೆ, ಇನ್ನೊಂದು ಅದನ್ನೇ ತಂದು ಅಂಟಿಸಿಕೊಂಡು ಗೆದ್ದದ್ದು ಹೇಗೆ? ಯಾರಿಗೆ ಬೇಕಾದರೂ ಬರಬಹುದಾದ ಸಾವನ್ನು ಒಂದು ವಂಶಕ್ಕೆ ಕಟ್ಟಿಹಾಕುವುದು ಈ ಸರಣಿಯ ಜೀವಾಳಕ್ಕೇ ಕೊಡಲಿ ಹಾಕಿದ ಹಾಗಲ್ಲವೇ?

ಉತ್ತರ ಸಂಬಂಧ ಏನನ್ನು ವಿವರಿಸುತ್ತದೆ ಎಂಬುದರಲ್ಲಿದೆ. ಮೈಕಲ್‌ನ ವಿಷಯದಲ್ಲಿ ಅದು ಕೊಲೆಗಾರನಿಗೆ ಕಾರಣ ಒದಗಿಸಿತು. ‘ಬ್ಲಡ್‌ಲೈನ್ಸ್’ನಲ್ಲಿ ಸಾವಿಗೆ ಸಿಟ್ಟಿಲ್ಲ, ಸೇಡಿಲ್ಲ, ವಂಶಾವಳಿ ಅದಕ್ಕೆ ಕೊಟ್ಟದ್ದು ಬರೀ ಸರದಿ. ಹಿರಿಯ ಮಗ, ಅವನ ಮಕ್ಕಳು ವಯಸ್ಸಿನ ಕ್ರಮದಲ್ಲಿ, ಆಮೇಲೆ ಮಗಳು, ಅವಳ ಮಕ್ಕಳು. ಹಾಗಾಗಿ ಹೊವರ್ಡ್ ಸತ್ತ ಮೇಲೆ ಮೊದಲ ಪಾಳಿ ಹಿರಿಯ ಹುಡುಗ ಎರಿಕ್‌ನದು. ಟ್ಯಾಟೂ ಅಂಗಡಿಯಲ್ಲಿ ಸರಪಳಿ ಅವನ ಮೂಗುತಿಗೆ ಸಿಕ್ಕಿ, ಬೆಂಕಿ ಹತ್ತಿ, ಇನ್ನೇನು ಮುಗಿಯಿತು ಎನ್ನುವಾಗ ಅವನು ಪಾರಾಗುತ್ತಾನೆ. ಮಾರನೆಯ ದಿನ ಕಸದ ಲಾರಿಯ ದವಡೆಗೆ ಹೋದವಳು ತಂಗಿ ಜೂಲಿಯಾ. ಪುಸ್ತಕದ ಲೆಕ್ಕ ತಪ್ಪಿತೇ ಎಂದು ಎಲ್ಲರೂ ತಲೆ ಕೆಡಿಸಿಕೊಂಡಾಗ ತಾಯಿ ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಾಳೆ: ಎರಿಕ್ ಹೊವರ್ಡ್‌ನ ಮಗನಲ್ಲ. ಮನೆಯೊಳಗಿನ ಗುಟ್ಟನ್ನು ಸಾವು ಕುಲಕರ್ಣಿಯಷ್ಟು ನಿರ್ವಿಕಾರವಾಗಿ ಖಾತೆಯಲ್ಲಿ ತಿದ್ದಿದೆ. ಚಿತ್ರದ ಅತ್ಯಂತ ನಗೆಯ ಘಳಿಗೆ ಇದು, ಅತ್ಯಂತ ಕ್ರೂರವಾದದ್ದೂ ಇದೇ. ಸಂಬಂಧ ಇಲ್ಲಿ ಭಯವನ್ನು ಇಳಿಸಲಿಲ್ಲ, ಅದಕ್ಕೆ ಇನ್ನೊಂದು ಅಂಗಳ ಕೊಟ್ಟಿತು. ಇನ್ನು ಇದು ಒಂದು ಮನೆಯ ತಾಪತ್ರಯ ಮಾತ್ರವೇ ಎಂದರೆ, ಅದೂ ಅಲ್ಲ. ಎಂದೋ ಒಮ್ಮೆ ಕೂದಲೆಳೆಯಲ್ಲಿ ತಪ್ಪಿಸಿಕೊಂಡ ಹಿರಿಯರಿಲ್ಲದ ವಂಶ ಯಾವುದಿದೆ? ಬರಗಾಲ, ಪ್ಲೇಗು, ಹೆರಿಗೆ ಇವುಗಳಲ್ಲಿ ಯಾವುದನ್ನೋ ದಾಟಿ ಬಂದ ಅಜ್ಜಿಯೊಬ್ಬಳು ಎಲ್ಲರ ಹಿಂದೆಯೂ ಇದ್ದಾಳೆ.

ಇನ್ನೊಂದು ಆಕ್ಷೇಪ ಸರಳ: ಇದೆಲ್ಲ ಹಳೆಯ ಹೆಸರಿನ ವ್ಯಾಪಾರ, ಹಂಬಲಕ್ಕೆ ಟಿಕೆಟ್ ಹಚ್ಚಿದ್ದಾರೆ. ಹಂಬಲವೇ ಸಾಕಾಗಿದ್ದರೆ 2023ರ ‘ದಿ ಎಕ್ಸಾರ್ಸಿಸ್ಟ್: ಬಿಲೀವರ್’ ಗೆಲ್ಲಬೇಕಿತ್ತು. ಅದರ ನಿರ್ದೇಶಕ ‘ಹ್ಯಾಲೋವೀನ್’ ಎಬ್ಬಿಸಿದ ಅದೇ ಗ್ರೀನ್. ಮೂಲ ಚಿತ್ರಕ್ಕೆ ಸರಿಯಾಗಿ 50 ವರ್ಷ. ಹಕ್ಕುಗಳಿಗೆ ಸುಮಾರು 40 ಕೋಟಿ ಡಾಲರ್ ತೆತ್ತ ಸುದ್ದಿ ಆಗಲೇ ಹಬ್ಬಿತ್ತು. 90 ದಾಟಿದ ಎಲೆನ್ ಬರ್ಸ್ಟಿನ್ ತಾವು 1973ರಲ್ಲಿ ಮಾಡಿದ ತಾಯಿಯ ಪಾತ್ರಕ್ಕೆ ಮರಳಿದ್ದರು. ಆದರೆ ಆ ಐವತ್ತು ವರ್ಷ ಆ ತಾಯಿಗೆ, ಅವಳಿಂದ ದೂರವಾದ ಮಗಳಿಗೆ ಏನು ಮಾಡಿದವು ಎಂಬುದು ನಾಲ್ಕು ಮಾತಿನಲ್ಲಿ ತೀರಿಹೋಯಿತು. ಅವಳು ಬೇರೆ ಯಾರದೋ ಮನೆಯ ಕಥೆಗೆ ಅತಿಥಿಯಾಗಿ ಬಂದು, ಕಣ್ಣು ಕಳೆದುಕೊಂಡು ಆಸ್ಪತ್ರೆಯ ಮಂಚ ಹಿಡಿದಳು. ಚಿತ್ರ ಸೋತಿತು, ಮುಂದಿನ ಭಾಗದ ಯೋಜನೆ ಮುರಿದುಬಿತ್ತು. 2022ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ‘ಟೆಕ್ಸಾಸ್ ಚೈನ್‌ಸಾ ಮ್ಯಾಸಕರ್’ ಇನ್ನೂ ಒಂದು ಹೆಜ್ಜೆ ಮುಂದೆ: 1974ರಲ್ಲಿ ಪಾರಾದ ಸ್ಯಾಲಿಯನ್ನು ಬೇರೆ ನಟಿಯ ಮೂಲಕ ಕರೆತಂದು, ಕೈಗೆ ಬಂದೂಕು ಕೊಟ್ಟು, ಬದುಕು ಕೊಡಲು ಮರೆತಿತು. ಮೂಲದಲ್ಲಿ ಆ ಪಾತ್ರ ಮಾಡಿದ್ದ ಮೇರಿಲಿನ್ ಬರ್ನ್ಸ್ 2014ರಲ್ಲೇ ತೀರಿಕೊಂಡಿದ್ದರು. ಹೆಸರು, ವಯಸ್ಸು, ನೆನಪು ಮೂರೂ ಇದ್ದು ನಡುವಿನ ವರ್ಷಗಳು ಖಾಲಿ ಇದ್ದರೆ ಹೀಗಾಗುತ್ತದೆ.

ಹಾಗಾದರೆ ‘ಬ್ಲಡ್‌ಲೈನ್ಸ್’ನಲ್ಲಿ ಹಳೆಯ ಮುಖ ಒಂದೂ ಇಲ್ಲವೇ? ಒಂದಿದೆ, ಮತ್ತು ನನ್ನ ವಾದಕ್ಕೆ ಎದುರಾಗಿ ಅದನ್ನು ಎತ್ತಿ ತೋರಿಸುವವರಿದ್ದಾರೆ. ಮೊದಲ ಚಿತ್ರದಿಂದಲೂ ಶವಾಗಾರದಲ್ಲಿ ನಿಂತು ಸಾವಿನ ಕಟ್ಟಳೆ ಹೇಳುತ್ತ ಬಂದ ಬ್ಲಡ್‌ವರ್ತ್ ಪಾತ್ರದ ಟೋನಿ ಟಾಡ್ ಇಲ್ಲಿ ಕೊನೆಯ ಬಾರಿಗೆ ಕಾಣಿಸಿಕೊಂಡರು. ಆಗ ಅವರಿಗೆ ಕಾಯಿಲೆ ಬಲಿತಿತ್ತು. ಚಿತ್ರ ತೆರೆಗೆ ಬರುವ ಮೊದಲೇ, 2024ರ ನವೆಂಬರ್ 6ರಂದು, ತಮ್ಮ 69ನೆಯ ವಯಸ್ಸಿನಲ್ಲಿ ತೀರಿಕೊಂಡರು. 1992ರ ‘ಕ್ಯಾಂಡಿಮ್ಯಾನ್’ನಲ್ಲಿ ತುಂಬಿ ನಿಂತಿದ್ದ ದೇಹ ಇಲ್ಲಿ ಬತ್ತಿದೆ, ದನಿ ಮಾತ್ರ ಅದೇ ಪಾತಾಳದ್ದು. ಕೊನೆಯ ಮಾತುಗಳನ್ನು ನೀವೇ ಹೇಳಿ ಎಂದು ನಿರ್ದೇಶಕರು ಅವರಿಗೇ ಬಿಟ್ಟರು. ಹಣಾಹಣಿ ಸಾಕು, ಇರುವಷ್ಟು ದಿನ ನೆಮ್ಮದಿಯಾಗಿ ಇರಿ ಎಂಬರ್ಥದ ಮಾತು ಹೇಳಿ ಅವರು ಹೊರನಡೆಯುತ್ತಾರೆ. ಜನ ಚಿತ್ರಮಂದಿರದಲ್ಲಿ ಸುಮ್ಮನಾದದ್ದು ನಟನ ಸಾವಿಗೆ, ಪಾತ್ರಕ್ಕಲ್ಲ ಎನ್ನಬಹುದು. ಆದರೆ ಚಿತ್ರ ಆ ಮುಖವನ್ನು ಬರೀ ತೋರಿಸಿ ಕಳಿಸಿಲ್ಲ. ಗೋಪುರದಲ್ಲಿ ಐರಿಸ್ ಉಳಿಸಿದ ಪುಟ್ಟ ಹುಡುಗನೇ ಇವನು. ತನ್ನ ಸರದಿ ಕೊನೆಯದೆಂದು ಬಲ್ಲವನಾದ್ದರಿಂದಲೇ ಅಷ್ಟು ವರ್ಷ ಸಾವಿನ ಬಗ್ಗೆ ಅಷ್ಟು ಶಾಂತವಾಗಿ ಮಾತಾಡುತ್ತಿದ್ದ. ಹಿಂದಿನ ಮೂರು ಚಿತ್ರಗಳಲ್ಲಿ ಹಬೆಯಂತಿದ್ದ ಪಾತ್ರಕ್ಕೆ ಹಿಂದಿನಿಂದ ಒಂದು ಬಾಲ್ಯ ಸಿಕ್ಕಿತು. ಎಲ್ಲಕ್ಕೂ ವಿವರಣೆ ಕೊಡುವ ಇಂದಿನ ಚಟ ಎಂದು ಇದನ್ನು ಗದರಿಸುವವರ ಜೊತೆ ನಾನು ಅರ್ಧ ಒಪ್ಪುತ್ತೇನೆ. ಬ್ಲಡ್‌ವರ್ತ್ ಸಾವೇ ಇರಬಹುದು ಎಂಬ ಹಳೆಯ ಗುಮಾನಿಯ ಸುಖ ಇನ್ನಿಲ್ಲ.

ಚಿತ್ರದ ಕೊರತೆ ನಿಜವಾಗಿ ಇರುವುದು ಬೇರೆ ಕಡೆ. ಹೊವರ್ಡ್ ಮನೆಯ ಹಿತ್ತಿಲಿನ ಊಟದ ದೃಶ್ಯವನ್ನು ಯಾವ ಹಾರರ್ ನಿರ್ದೇಶಕನೂ ಹೊಟ್ಟೆಕಿಚ್ಚುಪಡುವಂತೆ ಕಟ್ಟಿದ್ದಾರೆ. ಒಡೆದ ಲೋಟದ ಚೂರು ಮಂಜುಗಡ್ಡೆಯ ಜೊತೆ ಬೆರೆಯುತ್ತದೆ; ಅದು ಯಾರ ಗಂಟಲಿಗೆ ಇಳಿಯುತ್ತದೋ ಎಂದು ನಾವು ಲೋಟ ಲೋಟವನ್ನೂ ಕಣ್ಣಲ್ಲೇ ಹಿಂಬಾಲಿಸುತ್ತೇವೆ. ಮಕ್ಕಳು ನೆಗೆಯುವ ಟ್ರ್ಯಾಂಪೊಲಿನ್ ಅಡಿಯಲ್ಲಿ ಹಲ್ಲು ಮೇಲೆ ಮಾಡಿದ ಕುಂಟೆ ಬಿದ್ದಿದೆ. ಕೊನೆಗೆ ಕೆಲಸ ಮುಗಿಸುವುದು ಹುಲ್ಲು ಕತ್ತರಿಸುವ ಯಂತ್ರ. ನಗು ಮತ್ತು ಗಾಬರಿ ಒಟ್ಟಿಗೇ ಬರುವ ಇಂಥ ಕಡೆ, ನಗಿಸುವುದರಿಂದ ಭಯ ಸಾಯುತ್ತದೆ ಎಂಬ ದೂರು ನಿಲ್ಲುವುದಿಲ್ಲ. ಕೈಗೆಟಕುವ ವಸ್ತುಗಳೇ ಕೊಲ್ಲುತ್ತಿರುವಾಗ ನಗು ಹೆದರಿಕೆಯ ಇನ್ನೊಂದು ಮುಖವಷ್ಟೇ. ಆಸ್ಪತ್ರೆಯ ಎಂಆರ್‌ಐ ದೃಶ್ಯದಲ್ಲಿ ಮಾತ್ರ ಕೈ ಮೀರಿದೆ. ಯಂತ್ರ ತಾನಾಗಿ ಶಕ್ತಿ ಏರಿಸಿಕೊಂಡು ಎರಿಕ್‌ನ ಮೈಮೇಲಿನ ಲೋಹದ ಆಭರಣಗಳನ್ನೂ ಗಾಲಿಕುರ್ಚಿಯನ್ನೂ ಎಳೆದುಕೊಳ್ಳುತ್ತದೆ. ಅಸಲಿ ಯಂತ್ರಕ್ಕೆ ಆ ಏರಿಕೆ ಬೇಕಿಲ್ಲ. ಅದರ ಅಯಸ್ಕಾಂತ ಹಗಲೂ ರಾತ್ರಿ ಚಾಲೂ ಇರುತ್ತದೆ. 2018ರ ಜನವರಿಯಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದು ಆ ಕೋಣೆಗೆ ಹೋದ ರೋಗಿಯ ಸಂಬಂಧಿಕ ಸೆಳೆತಕ್ಕೆ ಸಿಕ್ಕಿ ಸತ್ತ. ‘ಬ್ಲಡ್‌ಲೈನ್ಸ್’ ಬಂದ ಎರಡು ತಿಂಗಳಲ್ಲಿ ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡ್‌ನಲ್ಲಿ ಕೊರಳಿಗೆ ದಪ್ಪ ಲೋಹದ ಸರಪಳಿ ಹಾಕಿಕೊಂಡಿದ್ದವರೊಬ್ಬರು ಹಾಗೆಯೇ ಜೀವ ಕಳೆದುಕೊಂಡರು. ಯಂತ್ರದ ನಿಜವಾದ ಸ್ವಭಾವವನ್ನೇ ನಂಬಿದ್ದರೆ ದೃಶ್ಯ ಇನ್ನಷ್ಟು ಮೈ ನಡುಗಿಸುತ್ತಿತ್ತು. ಇಲ್ಲಿಂದ ಮುಂದೆ ಚಿತ್ರ ಪಟ್ಟಿ ಮುಗಿಸುವ ಅವಸರಕ್ಕೆ ಬೀಳುತ್ತದೆ; ಮಕ್ಕಳ ಬಳಿಗೆ ಮರಳಿದ ಡಾರ್ಲೀನ್‌ಳ ಸಾವಿಗೆ ಅಳಲು ಯಾರಿಗೂ ಬಿಡುವಿಲ್ಲ. ತಾಯಿ-ಮಗಳ ನಡುವಿನ ಆ ಲೆಕ್ಕವೇ ಚಿತ್ರದ ಬಂಡವಾಳವಾಗಿತ್ತು, ಅದನ್ನು ಅರ್ಧಕ್ಕೆ ಬಿಟ್ಟರು.

ಈ ಯಶಸ್ಸಿನ ಬೆನ್ನಿಗೇ ಇನ್ನೊಂದು ‘ಫೈನಲ್ ಡೆಸ್ಟಿನೇಷನ್’ ಬರೆಯುವ ಕೆಲಸ ‘ಬ್ಲಡ್‌ಲೈನ್ಸ್’ನ ಚಿತ್ರಕಥೆ ಬರೆದವರಲ್ಲಿ ಒಬ್ಬರಾದ ಲೋರಿ ಇವಾನ್ಸ್ ಟೇಲರ್ ಅವರಿಗೆ ಸಿಕ್ಕಿದೆ. ಅವರ ಮುಂದಿರುವ ತೊಡಕನ್ನು ‘ಹ್ಯಾಲೋವೀನ್’ ಆಗಲೇ ಅನುಭವಿಸಿದೆ. 2018ರ ಚಿತ್ರ ಸುಮಾರು 25 ಕೋಟಿ ಡಾಲರ್ ಗಳಿಸಿದ ಮೇಲೆ ಅದೇ ತಂಡ 2021ರಲ್ಲಿ ‘ಹ್ಯಾಲೋವೀನ್ ಕಿಲ್ಸ್’, 2022ರಲ್ಲಿ ‘ಹ್ಯಾಲೋವೀನ್ ಎಂಡ್ಸ್’ ತಂದಿತು. ಗಳಿಕೆ ಸುಮಾರು 13 ಕೋಟಿಗೆ, ಆಮೇಲೆ 10 ಕೋಟಿ ಚಿಲ್ಲರೆಗೆ ಇಳಿಯಿತು. ಕೋವಿಡ್ಡಿನ ಪಾಲು ಅದರಲ್ಲಿದೆ, ಎರಡೂ ಚಿತ್ರಗಳನ್ನು ಅದೇ ದಿನ ಒಟಿಟಿಗೂ ಬಿಟ್ಟದ್ದರ ಪಾಲೂ ಇದೆ. ಆದರೆ ನಲವತ್ತು ವರ್ಷಗಳ ದಾಸ್ತಾನು ಮೊದಲ ಚಿತ್ರದಲ್ಲೇ ಖರ್ಚಾಗಿತ್ತು ಎನ್ನುವುದನ್ನೂ ಮರೆಯಬಾರದು. ಎರಡನೆಯ ಚಿತ್ರದ ಕಥೆ ಅದೇ ರಾತ್ರಿಯೇ ಮುಂದುವರಿಯುತ್ತದೆ, ಲಾರಿ ಹೆಚ್ಚುಕಡಿಮೆ ಇಡೀ ಹೊತ್ತು ಆಸ್ಪತ್ರೆಯ ಮಂಚದ ಮೇಲೆ ಮಲಗಿರುತ್ತಾಳೆ. ‘ಬ್ಲಡ್‌ಲೈನ್ಸ್’ ಕೂಡ ಐರಿಸ್‌ಳ ಮನೆತನವನ್ನು ಪೂರಾ ಮುಗಿಸಿಯೇ ಎದ್ದಿದೆ. ಸತ್ತು ಬದುಕಿದೆ, ಸರದಿ ಮುರಿಯಿತು ಎಂದು ನಂಬಿದ ಸ್ಟೆಫನಿಗೆ, ನಿನ್ನ ಎದೆಬಡಿತ ನಿಂತೇ ಇರಲಿಲ್ಲವಲ್ಲ ಎಂದು ವೈದ್ಯನೊಬ್ಬ ಮಾತಿನ ನಡುವೆ ಹೇಳುತ್ತಾನೆ. ಅಷ್ಟರಲ್ಲಿ ರೈಲು ಹಳಿ ತಪ್ಪಿ, ಅದರ ಮೇಲಿದ್ದ ಮರದ ದಿಮ್ಮಿಗಳು ಉರುಳಿ ಬರುತ್ತವೆ.